ಅಂಕಪಟ್ಟಿಗೆ ಸಿಗದ ಸಹಪಾಠಿಗಳು

ಸಂಪಾದಕರಿಗೆ,

ಮಾನ್ಯರೇ,

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ 625ಕ್ಕೆ ಇಷ್ಟು ಅಂಕ ಪಡೆದವರ ಭಾವಚಿತ್ರಗಳು ಸಾಲಾಗಿ ಅಚ್ಚಾಗುತ್ತವೆ. ಅದು ಬೇಡವೆಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. ಮೊದಲು ಶಿರಸಿಯ ಕಡೆ, ಆಮೇಲೆ ಕರಾವಳಿಯಲ್ಲಿ, ಒಟ್ಟು ಮೂವತ್ತು ವರ್ಷಕ್ಕೂ ಮಿಕ್ಕಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ನಾನೂ ಆ ಸಾಲಿನಲ್ಲಿ ನಮ್ಮ ಶಾಲೆಯ ಮಕ್ಕಳ ಮುಖ ಹುಡುಕಿದವನೇ. ಅದೇ ಪುಟದಲ್ಲಿ ಒಂದಿಷ್ಟು ಜಾಗವನ್ನು, ಹತ್ತನೇ ತರಗತಿ ಮುಗಿಸಿದ ಮಕ್ಕಳು ತಮ್ಮ ಜೊತೆಯವರ ಬಗ್ಗೆ ಬರೆದ ವ್ಯಕ್ತಿಚಿತ್ರಗಳಿಗೂ ಕೊಡಬಾರದೇ ಎಂದು ಕೇಳುವುದಷ್ಟೇ ನನ್ನ ಉದ್ದೇಶ.

ಶಾಲೆ ಬಿಡುವಾಗ ಕೊಡುವ ವರ್ಗಾವಣೆ ಪ್ರಮಾಣಪತ್ರದಲ್ಲಿ ‘ನಡತೆ’ ಎಂಬ ಒಂದು ಕಲಂ ಇದೆ. ಅದರ ಮುಂದೆ ನಾವು ‘ಉತ್ತಮ’ ಎಂದು ಬರೆಯುತ್ತೇವೆ. ವರ್ಷವಿಡೀ ಮಾತೇ ಆಡದವಳಿಗೂ, ಪ್ರಾರ್ಥನೆಯ ಹೊತ್ತಿನಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಎಲ್ಲರನ್ನೂ ನಗಿಸುತ್ತಿದ್ದವನಿಗೂ ಅದೇ ಶಬ್ದ. ಮೂರು ವರ್ಷ ಕಣ್ಣೆದುರು ಬೆಳೆದ ಮಕ್ಕಳ ಬಗ್ಗೆ ಹೇಳುವುದು ಇಷ್ಟೇ ಏನು ಎಂದು ಒಮ್ಮೆ ನನಗೇ ನಾಚಿಕೆಯಾಯಿತು. ಹಾಗಾಗಿ ಸೇವೆಯ ಕೊನೆಯ ಕೆಲವು ವರ್ಷಗಳಲ್ಲಿ, ಬೀಳ್ಕೊಡುಗೆ ಸಮಾರಂಭಕ್ಕೆ ಹದಿನೈದು ದಿನ ಇರುವಾಗ, ಎಲ್ಲರ ಹೆಸರು ಬರೆದ ಚೀಟಿಗಳನ್ನು ಕೊಡಪಾನಕ್ಕೆ ಹಾಕಿ ಎತ್ತಿಸತೊಡಗಿದೆ. ಯಾರ ಹೆಸರು ಬಂದಿತೋ ಅವರ ಬಗ್ಗೆ ಒಂದು ಪುಟ ಬರೆಯಬೇಕು. ‘ಒಳ್ಳೆಯವನು’, ‘ಬುದ್ಧಿವಂತೆ’ ಎಂಬ ಶಬ್ದಗಳು ಬರಕೂಡದು. ಕಣ್ಣಾರೆ ಕಂಡದ್ದನ್ನೇ ಬರೆಯಬೇಕು. ಮನೆಯ ಬಡತನ, ಕಾಯಿಲೆ, ಜಾತಿ ಇವುಗಳ ಸುದ್ದಿ ಬೇಡ. ಬರೆಸಿಕೊಂಡವರು ಮೊದಲು ಓದಿ, ಬೇಡವೆನಿಸಿದ ಸಾಲನ್ನು ಹೊಡೆದುಹಾಕಬಹುದು. ನಿಯಮಗಳೆಂದರೆ ಇಷ್ಟೇ.

ಮೊದಲ ವರ್ಷ ಬಂದ ಹಾಳೆಗಳಲ್ಲಿ ಅರ್ಧಕ್ಕರ್ಧ ಪ್ರಬಂಧ ಪುಸ್ತಕದ ಮಾತುಗಳೇ ಇದ್ದವು. ಉಳಿದ ಅರ್ಧವನ್ನು ನಾನು ಇಂದಿಗೂ ಕಾಪಿಟ್ಟಿದ್ದೇನೆ. ಮೀನುಗಾರರ ಕೇರಿಯಿಂದ ಬರುತ್ತಿದ್ದ ಒಬ್ಬ ಹುಡುಗನ ಬಗ್ಗೆ ಅವನ ಬೆಂಚಿನವನು ಬರೆದದ್ದು ಹೀಗಿತ್ತು: ‘ಬಂಗಡೆಯ ಕಣ್ಣು ನೋಡಿ ಅದು ಇವತ್ತಿನದೋ ನಿನ್ನೆಯದೋ ಎಂದು ಹೇಳುತ್ತಾನೆ. ನಮ್ಮ ಕಣ್ಣು ನೋಡಿಯೂ ಹೇಳುತ್ತಾನೆ, ಬೆಳಿಗ್ಗೆ ಮನೆಯಲ್ಲಿ ಜಗಳ ಆಗಿದೆಯೋ ಇಲ್ಲವೋ ಎಂದು.’ ತರಗತಿಯಲ್ಲಿ ಎಂದೂ ಕೈ ಎತ್ತದ ಇನ್ನೊಬ್ಬನನ್ನು ನಾನು ದಡ್ಡನೆಂದೇ ತಿಳಿದಿದ್ದೆ. ಅವನಿಗೆ ಉತ್ತರ ಗೊತ್ತಿರುತ್ತದೆ, ಆದರೆ ಪಕ್ಕದವನು ತಪ್ಪು ಹೇಳಿ ಕೂತ ಮೇಲೆ ತಾನು ಸರಿ ಹೇಳಿದರೆ ಅವನಿಗೆ ಬೇಸರವಾದೀತೆಂದು ಸುಮ್ಮನಿರುತ್ತಾನೆ ಎಂಬುದನ್ನು ನನಗೆ ತಿಳಿಸಿದ್ದು ಒಬ್ಬ ಹುಡುಗಿ ಬರೆದ ಹಾಳೆ. ಯಕ್ಷಗಾನದ ಹುಚ್ಚಿನವನೊಬ್ಬನಿದ್ದ. ಡೆಸ್ಕನ್ನೇ ಚಂಡೆ ಮಾಡಿಕೊಂಡದ್ದಕ್ಕೆ ಎಷ್ಟು ಸಲ ಹೊರಗೆ ನಿಲ್ಲಿಸಿದ್ದೆನೋ ಲೆಕ್ಕವಿಲ್ಲ. ಸಮಾಜ ವಿಜ್ಞಾನದ ಇಸವಿಗಳನ್ನೆಲ್ಲ ಭಾಗವತರ ಧಾಟಿಯಲ್ಲಿ ಹಾಡಿ ಮೂರು ಜನರನ್ನು ಪಾಸು ಮಾಡಿಸಿದವನೂ ಅವನೇ ಎಂದು ಆ ಮೂವರಲ್ಲಿ ಒಬ್ಬ ಬರೆದಿದ್ದ.

ನನ್ನ ಕೊನೆಯ ತಂಡ ಹತ್ತನೇ ತರಗತಿಗೆ ಬಂದದ್ದು 2024ರ ಜೂನಿನಲ್ಲಿ. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಆ ದಿನಗಳಲ್ಲಿ ಶಾಲೆಗೆ ಬರಲಾಗದವರಿಗಾಗಿ ಒಬ್ಬ ಹುಡುಗಿ ಕಾರ್ಬನ್ ಹಾಳೆ ಇಟ್ಟು ನೋಟ್ಸ್ ಬರೆದಿಟ್ಟಳು. ಅವಳ ಬಗ್ಗೆ ಗೆಳತಿ ಬರೆದ ಪುಟದಲ್ಲಿ ಅದಕ್ಕೆ ಒಂದು ಹೊಗಳಿಕೆಯೂ ಇರಲಿಲ್ಲ. ‘ಕೆಳಗಿನ ಪ್ರತಿಯಲ್ಲಿ ಒತ್ತಕ್ಷರ ಸರಿಯಾಗಿ ಮೂಡುವುದಿಲ್ಲವೆಂದು ಅವಳು ಪೆನ್ನು ಒತ್ತಿ ಒತ್ತಿ ಬರೆದು, ಅವಳ ಮಧ್ಯದ ಬೆರಳಿನಲ್ಲಿ ಗಂಟು ಆಗಿದೆ. ಈಗಲೂ ಇದೆ’ ಎಂದಷ್ಟೇ ಇತ್ತು. ಇದಕ್ಕಿಂತ ಚೆನ್ನಾಗಿ ನಾನು ಬರೆಯಲಾರೆ.

ಚೀಟಿಯ ಆಟದಲ್ಲಿ ಪೇಚಿನ ಪ್ರಸಂಗಗಳೂ ಬರುತ್ತವೆ. ಎಂಟನೇ ತರಗತಿಯಿಂದ ಮಾತು ಬಿಟ್ಟಿದ್ದ ಇಬ್ಬರಲ್ಲಿ ಒಬ್ಬಳಿಗೆ ಮತ್ತೊಬ್ಬಳ ಹೆಸರೇ ಬಂತು. ಬದಲಿಸಿಕೊಡಿ ಸರ್ ಎಂದು ಎರಡು ದಿನ ಕಾಡಿದಳು, ನಾನು ಒಪ್ಪಲಿಲ್ಲ. ಕೊನೆಗೆ ಅವಳು ಕೊಟ್ಟ ಹಾಳೆಯಲ್ಲಿ ಐದೇ ಸಾಲು. ಐದನೆಯದು: ‘ಅವಳ ಅಕ್ಷರ ನೋಡಿಯೇ ನಾನು ನನ್ನ ಅಕ್ಷರ ತಿದ್ದಿಕೊಂಡದ್ದು, ಇದನ್ನು ಅವಳಿಗೆ ಹೇಳಬೇಡಿ.’ ನಿಯಮದಂತೆ ಆ ಹಾಳೆ ಮೊದಲು ಹೋಗಬೇಕಾದದ್ದು ಅವಳ ಕೈಗೇ, ಹೋಯಿತು. ಅವಳು ಒಂದು ಸಾಲನ್ನೂ ಹೊಡೆಯಲಿಲ್ಲ. ಆಮೇಲೆ ಅವರಿಬ್ಬರೂ ಮಾತಾಡಿದರೋ ಎಂದು ನಾನು ವಿಚಾರಿಸಲು ಹೋಗಲಿಲ್ಲ.

ಮಾರ್ಚಿನ ಪರೀಕ್ಷೆ ಎದುರಿಗಿರುವಾಗ ಇದಕ್ಕೆಲ್ಲ ಸಮಯವೆಲ್ಲಿ ಎಂದು ಕೆಲವು ಸಹೋದ್ಯೋಗಿಗಳು ಆಕ್ಷೇಪಿಸಿದ್ದುಂಟು. ಪ್ರಥಮ ಭಾಷೆಯ 100 ಅಂಕಗಳ ಪ್ರಶ್ನೆಪತ್ರಿಕೆಯಲ್ಲಿ ಪತ್ರಲೇಖನ, ಪ್ರಬಂಧಗಳು ಇದ್ದೇ ಇವೆ. ಮನೆಯಲ್ಲಿ ಕೊಂಕಣಿ ಆಡುವ ನಮ್ಮ ಕಾರವಾರ ಕಡೆಯ ಎಷ್ಟೋ ಮಕ್ಕಳು ಕನ್ನಡದಲ್ಲಿ ತಮ್ಮದೇ ಆದ ಮೊದಲ ಪುಟ ಬರೆದದ್ದು ಈ ನೆವದಿಂದಲೇ. ಇನ್ನು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಈ ಜಿಲ್ಲೆಯಲ್ಲಿ ಶಾಲೆಗಳನ್ನು ತೆರೆದ ದಿನಕರ ದೇಸಾಯಿಯವರು ಚುಟುಕದ ನಾಲ್ಕೇ ಸಾಲಿನಲ್ಲಿ ಹೇಳಬೇಕಾದ್ದನ್ನು ಹೇಳಿ ಮುಗಿಸುತ್ತಿದ್ದರು. ಅವರ ಜಿಲ್ಲೆಯ ಮಕ್ಕಳಿಗೆ ಒಂದು ಪುಟ ಹೆಚ್ಚೇ ಆಯಿತು.

ಹಿಂದೆ ಆಟೋಗ್ರಾಫ್ ಪುಸ್ತಕಗಳಿದ್ದವು. ಅವುಗಳಲ್ಲಿ ಎಲ್ಲರಿಗೂ ಒಂದೇ ಪ್ರಾಸದ ‘ಮರೆಯದಿರು’ ಇರುತ್ತಿತ್ತು. ಈಗ ಮೊಬೈಲಿನ ಸ್ಟೇಟಸ್ ಒಂದು ದಿನಕ್ಕೆ ಅಳಿದುಹೋಗುತ್ತದೆ. ಅಷ್ಟರಲ್ಲಿ ಮಕ್ಕಳು ಚದುರಿಯೂ ಆಗಿರುತ್ತದೆ: ಒಬ್ಬ ಕುಮಟೆಯ ಪಿಯು ಕಾಲೇಜಿಗೆ, ಒಬ್ಬಳು ಹುಬ್ಬಳ್ಳಿಯ ಹಾಸ್ಟೆಲಿಗೆ, ಒಬ್ಬ ಐಟಿಐಗೆ, ಇನ್ನೊಬ್ಬ ಮಾವನ ಜೊತೆ ಗೋವೆಗೆ ಕೆಲಸಕ್ಕೆ.

ಆದ್ದರಿಂದ ನನ್ನ ವಿನಂತಿ ಇಷ್ಟು. ಬರುವ ಮೇ ತಿಂಗಳಲ್ಲಿ ವಾರಕ್ಕೊಮ್ಮೆಯಾದರೂ ಅರ್ಧ ಪುಟದಲ್ಲಿ ಇಂತಹ ನಾಲ್ಕೈದು ಬರಹಗಳನ್ನು ಪ್ರಕಟಿಸಿರಿ. ಬರೆದವರ ಹೆಸರು ಸಾಕು, ಬರೆಸಿಕೊಂಡವರ ಹೆಸರು ಬೇಡ. ಓದಿದ ಊರಿನವರಿಗೆ ಅದು ಯಾರೆಂದು ಹೇಗೂ ತಿಳಿಯುತ್ತದೆ. ಭಾವಚಿತ್ರವಂತೂ ಬೇಡವೇ ಬೇಡ. ವ್ಯಾಕರಣದ ತಪ್ಪುಗಳನ್ನು ತಿದ್ದುವ ಕೆಲಸಕ್ಕೆ ಜನ ಬೇಕಿದ್ದರೆ, ನಿವೃತ್ತನಾದ ಮೇಲೆ ಕೆಂಪು ಪೆನ್ನು ಮುಟ್ಟದೆ ಬೇಜಾರಾಗಿರುವ ನಾನು ಸಂಬಳವಿಲ್ಲದೆ ಮಾಡಿಕೊಡಲು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕ, ಅಂಕೋಲಾ