ದಿನ ತಪ್ಪಿಸಬೇಡ, ಪುಟ್ಟಿ

ಚಿ. ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಗೆಳತಿಯರೆಲ್ಲ ಸೇರಿ ಓದಿನ ಬಳಗ ಕಟ್ಟುತ್ತಿದ್ದೀರಿ ಎಂದು ಬರೆದಿದ್ದೀಯ. ಎಷ್ಟು ಖುಷಿಯಾಯಿತೆಂದರೆ ನಿನ್ನ ಕಾಗದ ಮಡಿಸುವ ಮೊದಲೇ ಉತ್ತರ ಬರೆಯಲು ಕೂತೆ. ಮೊದಲ ವರ್ಷಕ್ಕೆ 12 ಪುಸ್ತಕಗಳ ಪಟ್ಟಿ ಮಾಡಿದ್ದೀಯಲ್ಲ, ಚೆನ್ನಾಗಿದೆ. ಆದರೆ ಸದ್ಯಕ್ಕೆ ಅದನ್ನು ಪಕ್ಕಕ್ಕಿಡು. 22 ವರ್ಷ ಒಂದೇ ಬಳಗದಲ್ಲಿ ಕೂತವಳು ನಾನು. ಪುಸ್ತಕ ಸರಿಯಿಲ್ಲವೆಂದು ನಿಂತುಹೋದ ಬಳಗವನ್ನು ಕಂಡಿಲ್ಲ. ದಿನ ಮುಂದೂಡಿ ಮುಂದೂಡಿ ನಿಂತುಹೋದವನ್ನು ಕಂಡಿದ್ದೇನೆ.

ತಿಂಗಳ ಎರಡನೇ ಭಾನುವಾರ ಸಂಜೆ ಎಂದು ಗೊತ್ತುಮಾಡಿದ ಮೇಲೆ ಅದನ್ನು ಕದಲಿಸಬೇಡ. ಯಾವತ್ತು ಅನುಕೂಲ ಎಂದು ಪ್ರತಿ ತಿಂಗಳೂ ಎಲ್ಲರನ್ನೂ ಕೇಳುತ್ತಾ ಹೋದರೆ, ಕೇಳುವುದರಲ್ಲೇ ತಿಂಗಳು ಮುಗಿಯುತ್ತದೆ. ಮೂವರೇ ಬಂದರೂ ಕೂತು ಮಾತಾಡಿ. ನಮ್ಮ ಬಳಗದ ಅತ್ಯುತ್ತಮ ಸಂಜೆಗಳಲ್ಲಿ ಕೆಲವು ಮೂವರೇ ಇದ್ದಾಗಿನವು. ಬಾರದೆ ಉಳಿದವಳಿಗೂ ತಾನಿಲ್ಲದಿದ್ದರೂ ಅಲ್ಲಿ ಮಾತು ನಡೆಯುತ್ತಿದೆ, ಮುಂದಿನ ಸಲ ಹೋದರೆ ಬಾಗಿಲು ತೆರೆದಿರುತ್ತದೆ ಎಂಬ ಧೈರ್ಯ ಬೇಕು.

ನಾನು ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಮೊದಲ ಒಂಬತ್ತು ವರ್ಷ ಎಲ್ಲ ಕೆಲಸವನ್ನೂ ನಾನೇ ಮಾಡಿದೆ. ನೆನಪಿಸುವುದು, ಪುಸ್ತಕದ ಪ್ರತಿ ಹೊಂದಿಸುವುದು, ಯಾರ ಮನೆಯಲ್ಲಿ ಎಂದು ಗೊತ್ತುಮಾಡುವುದು, ಎಲ್ಲ. ಪ್ರೀತಿಯಿಂದಲೇ ಮಾಡುತ್ತಿದ್ದೆ. ಒಂಬತ್ತನೇ ವರ್ಷ ಹಾಸಿಗೆ ಹಿಡಿದಾಗ ಐದು ತಿಂಗಳು ಬಳಗ ಸೇರಲೇ ಇಲ್ಲ. ಮುಂದಿನ ಸರದಿ ಯಾರದು ಎಂಬುದೂ ಉಳಿದವರಿಗೆ ಗೊತ್ತಿರಲಿಲ್ಲ. ಅವರನ್ನು ದೂರಿ ಫಲವಿಲ್ಲ, ಅವರಿಗೆ ಮಾಡಲು ನಾನು ಏನನ್ನೂ ಬಿಟ್ಟಿರಲಿಲ್ಲ. ಆಮೇಲೆ ವರ್ಷಕ್ಕೆ ಇಬ್ಬರಂತೆ ಹೊಣೆ ಹೊರುವ ಕ್ರಮ ತಂದೆವು. ನೀನು ಮೊದಲ ವರ್ಷದಿಂದಲೇ ಹಾಗೆ ಮಾಡು.

ಎಂಟು ಜನರಿದ್ದೀರಿ, ಸಾಕು. ಎರಡು ಗಂಟೆ ಕೂತರೆ ತಲೆಗೆ 15 ನಿಮಿಷ ಸಿಗುತ್ತದೆ. 15 ಜನರಾದರೆ ಅದು ಎಂಟಕ್ಕಿಳಿಯುತ್ತದೆ, ಆಗ ಮಾತು ಬಲ್ಲವರು ಮಾತಾಡುತ್ತಾರೆ, ಉಳಿದವರು ಕೇಳಿ ಮನೆಗೆ ಹೋಗುತ್ತಾರೆ. ಮುಂದೆ ಅಮೆರಿಕದ ದೊಡ್ಡ ಮುತ್ಸದ್ದಿಯಾದ ಬೆಂಜಮಿನ್ ಫ್ರಾಂಕ್ಲಿನ್ ತನ್ನ 21ನೇ ವಯಸ್ಸಿನಲ್ಲಿ, 1727ರಲ್ಲಿ, ಫಿಲಡೆಲ್ಫಿಯಾದಲ್ಲಿ ಗೆಳೆಯರನ್ನು ಸೇರಿಸಿ ಜಂಟೊ ಎಂಬ ಕೂಟ ಕಟ್ಟಿದ. ಅವರು ಶುಕ್ರವಾರ ಸಂಜೆ ಸೇರುತ್ತಿದ್ದರು. 12 ಜನಕ್ಕಿಂತ ಹೆಚ್ಚು ಬೇಡವೆಂದು ಕಟ್ಟು ಮಾಡಿಕೊಂಡಿದ್ದರು. ತಮ್ಮ ಸ್ನೇಹಿತರನ್ನೂ ಸೇರಿಸಿಕೊಳ್ಳಬೇಕೆಂದು ಕೆಲವರು ಹಟ ಹಿಡಿದಾಗ, ಕೂಟವನ್ನು ಹಿಗ್ಗಿಸದೆ ಒಬ್ಬೊಬ್ಬರೂ ಬೇರೆ ಕೂಟ ಕಟ್ಟಲಿ ಎಂದು ಆತ ಸೂಚಿಸಿದ. ಹಾಗೆ ಐದಾರು ಕೂಟಗಳು ಹುಟ್ಟಿಯೂ ಹುಟ್ಟಿದವು. ಆ ಕೂಟದ ಇನ್ನೊಂದು ನಿಯಮ ನನಗೆ ಇನ್ನೂ ಪ್ರಿಯ. ತಾನು ಹೇಳಿದ್ದೇ ಸರಿ ಎಂಬಂತೆ ಮಾತಾಡಿದರೆ, ಎದುರಿನವರ ಮಾತನ್ನು ನೇರವಾಗಿ ಕಡಿದುಹಾಕಿದರೆ, ಸಣ್ಣ ದಂಡ ಕಟ್ಟಬೇಕಿತ್ತು! ನೀವು ದಂಡ ಹಾಕಬೇಕಾಗಿಲ್ಲ. “ನನಗೆ ಹಾಗನ್ನಿಸಲಿಲ್ಲ, ಈ ಪುಟ ನೋಡು” ಎಂದು ಪುಸ್ತಕ ತೆರೆಯುವ ರೂಢಿ ಬೆಳೆದರೆ ಸಾಕು.

ಆ ಗೆಳೆಯರು ತಮ್ಮ ಪುಸ್ತಕಗಳನ್ನೆಲ್ಲ ಒಂದೇ ಕೋಣೆಯಲ್ಲಿ ಕೂಡಿಟ್ಟು ನೋಡಿದರು. ನಿಗಾ ಸಾಲದೆ, ಸುಮಾರು ಒಂದು ವರ್ಷದಲ್ಲಿ ಅವರವರ ಪುಸ್ತಕ ಅವರವರು ಒಯ್ದರು. ಚಂದಾ ಎತ್ತಿ ಗ್ರಂಥಾಲಯ ಕಟ್ಟುವ ಯೋಚನೆ 1731ರಲ್ಲಿ ಕೈಗೂಡಿದ್ದು ಇದಾದ ಮೇಲೆ. ಹಾಗಾಗಿ ಸಾಮೂಹಿಕ ಕಪಾಟಿನ ಆಸೆ ಈಗಲೇ ಬೇಡ ಮಗಳೇ. ಎರವಲು ಕೊಟ್ಟ ಪುಸ್ತಕ ಹಿಂದೆ ಬರದಿದ್ದರೆ ಮನಸ್ಸು ಕಹಿಯಾಗುತ್ತದೆ.

ಈಗ ಪುಸ್ತಕದ ಆಯ್ಕೆಗೆ ಬರುತ್ತೇನೆ. ನಿನ್ನ ಪಟ್ಟಿಯನ್ನು ಪಕ್ಕಕ್ಕಿಡು ಎಂದದ್ದು ಇದಕ್ಕೇ. ನೀನೊಬ್ಬಳೇ ಆರಿಸಬೇಡ. ಕೈ ಎತ್ತಿಸಿಯೂ ಆರಿಸಬೇಡ. ಕೈ ಎತ್ತಿಸಿದರೆ ಯಾರಿಗೂ ಬೇಡವೆನಿಸದ ಪುಸ್ತಕವೇ ಪ್ರತಿ ಸಲ ಗೆಲ್ಲುತ್ತದೆ. ಸರದಿಯಲ್ಲಿ ಬಂದವಳು ಏನು ಹೇಳುತ್ತಾಳೋ ಅದೇ ಆ ತಿಂಗಳ ಪುಸ್ತಕ, ಚೌಕಾಸಿ ಇಲ್ಲ. ನಮ್ಮಲ್ಲಿ ಒಬ್ಬಾಕೆ ನಾಲ್ಕು ವರ್ಷದಲ್ಲಿ ಐದು ನಿಮಿಷ ಬಾಯಿ ಬಿಟ್ಟವಳಲ್ಲ. ತನ್ನ ಸರದಿ ಬಂದಾಗ ಮಣ್ಣಿನ ಬಗೆಗಿನ ಪುಸ್ತಕವೊಂದನ್ನು ತಂದಳು. ಕಥೆ ಕಾದಂಬರಿಯ ರುಚಿ ಹತ್ತಿದ್ದ ನನಗೆ ಮುಖ ಬಾಡಿತು. ಆ ಸಂಜೆ ಅವಳು ಒಂದು ಗಂಟೆ ಮಾತಾಡಿದಳು. ಹಿಡಿ ಮಣ್ಣಿನೊಳಗೆ ಏನೇನು ಬದುಕುತ್ತದೆ, ಎಲೆ ಕೊಳೆತು ಮತ್ತೆ ಎಲೆಯಾಗುವುದು ಹೇಗೆ ಎಂದು ಅವಳು ಹೇಳುತ್ತಿದ್ದರೆ ನಾವು ಉಸಿರೆತ್ತದೆ ಕೇಳಿದೆವು. ಮತ ಹಾಕಿಸಿದ್ದರೆ ಆ ಪುಸ್ತಕ ಬರುತ್ತಿರಲಿಲ್ಲ. ಆ ಗೆಳತಿಯೂ ನಮಗೆ ನಿಜವಾಗಿ ಸಿಗುತ್ತಿರಲಿಲ್ಲ.

ಎರಡು ತಿಂಗಳು ಮುಂಚೆ ಹೆಸರು ಹೇಳಿಬಿಡಿ, ಗ್ರಂಥಾಲಯದಿಂದ ತರುವವರಿಗೆ ಸಮಯ ಬೇಕು. 300 ಪುಟವೆಂದರೆ ದಿನಕ್ಕೆ 10 ಪುಟ, ನೌಕರಿ ಮಾಡುವವರಿಗೂ ಸಾಧ್ಯ. 700 ಪುಟದ್ದಾದರೆ ಎರಡು ತಿಂಗಳಿಗೆ ಹಂಚಿಕೊಳ್ಳಿ. ಕಣ್ಣಿಗೆ ತ್ರಾಸವಿರುವವರು ಆಡಿಯೋದಲ್ಲಿ ಕೇಳಿ ಬಂದರೆ ಅದೂ ಓದೇ. ಓದಿ ಮುಗಿಸದವಳೂ ಬರಲಿ, ಆದರೆ ಅವಳಿಗಾಗಿ ಕೊನೆಯನ್ನು ಮುಚ್ಚಿಡಬೇಡಿ.

ಮಾತು ಶುರುಮಾಡುವಾಗ “ಇಷ್ಟವಾಯಿತಾ” ಎಂದು ಕೇಳಬೇಡ. ಹೂಂ, ಉಹೂಂ ಎಂದರೆ ಮುಗಿಯಿತು. ಪ್ರತಿಯೊಬ್ಬರೂ ಗುರುತು ಹಾಕಿಕೊಂಡ ನಾಲ್ಕು ಸಾಲನ್ನು ಗಟ್ಟಿಯಾಗಿ ಓದಲಿ, ಯಾಕೆ ಅಲ್ಲಿ ನಿಂತೆ ಎಂದು ಹೇಳಲಿ. ಒಂದು ಸುತ್ತು ಮುಗಿಯುವವರೆಗೆ ಯಾರೂ ನಡುವೆ ಬಾಯಿ ಹಾಕುವುದು ಬೇಡ. ಅರ್ಧ ಜನ ಒಪ್ಪದ ಪುಸ್ತಕ ಬಂದರೆ ಹಿಗ್ಗು, ಆ ಸಂಜೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಬಿಟ್ಟು ಹೋಗುವವರು ಹೋಗುತ್ತಾರೆ. ಕಾರಣ ಕೆದಕಬೇಡ.

ಒಂದು ನೋಟ್‌ಬುಕ್ ಇಡು. ತಾರೀಖು, ಪುಸ್ತಕ, ಆರಿಸಿದವರು, ಬಂದವರು, ಒಬ್ಬೊಬ್ಬರದೂ ಒಂದೇ ಒಂದು ಸಾಲು. ಮೊದಲು ಇದು ಲೆಕ್ಕಪತ್ರದಂತೆ ಕಂಡೀತು. ನಾವು ನಾಲ್ಕನೇ ವರ್ಷ ಓದಿದ್ದ ಕಾದಂಬರಿಯೊಂದನ್ನು ಹದಿನೈದನೇ ವರ್ಷ ಮತ್ತೆ ಓದಿದೆವು. ಹಳೆಯ ಪುಟ ತೆಗೆದರೆ, ಅದರ ತಾಯಿಯ ಬಗ್ಗೆ ನಾನು “ಕಲ್ಲೆದೆಯವಳು” ಎಂದು ಬರೆದಿದ್ದೆ. ಅಷ್ಟರಲ್ಲಿ ನಾನು ಆ ತಾಯಿಯ ವಯಸ್ಸು ದಾಟಿದ್ದೆ, ನನಗೆ ಅವಳು ಹಾಗೆ ಕಾಣಲೇ ಇಲ್ಲ. ನನ್ನ ಸಾಲಿನ ಕೆಳಗೆ ಇನ್ನೊಬ್ಬ ಗೆಳತಿ “ಅವಳನ್ನು ಯಾರಾದರೂ ಊಟ ಆಯಿತಾ ಎಂದು ಕೇಳಿದ್ದಾರಾ?” ಎಂದು ಬರೆದಿದ್ದಳು. ಆ ಗೆಳತಿ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಆ ಸಾಲನ್ನು ಓದಿ ಬಹಳ ಹೊತ್ತು ನಾವು ಯಾರೂ ಮಾತಾಡಲಿಲ್ಲ. ಆಮೇಲೆ ಅವಳ ಪ್ರಶ್ನೆಯಿಂದಲೇ ಶುರುಮಾಡಿದೆವು.

ಇದರೊಂದಿಗೆ ನನ್ನ ನೋಟ್‌ಬುಕ್ಕಿನ ಒಂದು ಖಾಲಿ ಹಾಳೆ ಇಟ್ಟಿದ್ದೇನೆ, ಗೆರೆ ಎಳೆದದ್ದು, ಹಾಗೇ ನಕಲು ಮಾಡಿಕೋ. ಸರದಿಯ ಚೀಟಿ ಎತ್ತಿದ ಮೇಲೆ ಮೊದಲ ಹೆಸರು ಯಾರದು, ಯಾವ ಪುಸ್ತಕ ಎಂದು ತಿಳಿಸು. ನಾನೂ ಇಲ್ಲಿ ದಿನಕ್ಕೆ 10 ಪುಟದಂತೆ ಓದುತ್ತಾ ಬರುತ್ತೇನೆ.

ನಿನ್ನ ಪ್ರೀತಿಯ,
ದೊಡ್ಡಮ್ಮ