ಗೆಳೆಯನಿಗೊಂದು ಪತ್ರ: ನಮ್ಮೂರ ಬೂತ್‌ನಲ್ಲಿ ಯಾರಿಗೆ ಎಷ್ಟು?

ಶಿರಸಿ, 20 ಮೇ 2023

ಮಾರಾಯಾ,

ಸಿಟ್ಟು ಇಳಿದಿರಬೇಕು ಅಂದುಕೊಂಡು ಬರೆಯುತ್ತಿದ್ದೇನೆ. ಹದಿಮೂರನೇ ತಾರೀಖು ನೀನು ಕಳಿಸಿದ್ದು ನಲವತ್ತಮೂರು ಮೆಸೇಜು. ಒಂದಕ್ಕೂ ಉತ್ತರ ಬರಲಿಲ್ಲ ಅಂತ ಕೊನೆಗೊಂದು ಬೈಗುಳ. ಅದನ್ನೂ ಸೇರಿಸಿದರೆ ನಲವತ್ನಾಲ್ಕು. ಏನು ಮಾಡಲಿ, ಫೋನು ನನ್ನ ಹತ್ತಿರ ಇರಲೇ ಇಲ್ಲ. ಕುಮಟೆಯ ಬಾಳಿಗಾ ಕಾಲೇಜಿನ ಗೇಟಿನಲ್ಲಿ ಕೊಟ್ಟು ಒಳಗೆ ಹೋಗಿದ್ದೆ. ಈ ಸಲ ವಿಧಾನಸಭೆ ಚುನಾವಣೆಯ ಮತ ಎಣಿಕೆ ಡ್ಯೂಟಿ. ಮೇಷ್ಟ್ರುಗಳ ಬೇಸಿಗೆ ರಜೆ ಇರುವುದೇ ಚುನಾವಣೆಗೆ ಅಲ್ವಾ.

ತಮಾಷೆ ನೋಡು. ಇಲ್ಲಿ ಬೆಳಿಗ್ಗೆ ಎಂಟು ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ದಿನದ ಸಂಜೆ ಏಳೂವರೆ. ನೀನು ಊಟ ಮುಗಿಸಿ, ಲ್ಯಾಪ್‌ಟಾಪ್‌ನಲ್ಲಿ ಒಂದು ಚಾನೆಲ್, ಫೋನಿನಲ್ಲಿ ಇನ್ನೊಂದು ಹಾಕಿಕೊಂಡು ರಾತ್ರಿಯಿಡೀ ಕೂತೆ. 224 ಕ್ಷೇತ್ರಗಳಲ್ಲಿ ಯಾರು ಎಷ್ಟರಲ್ಲಿ ಮುಂದೆ, ಬಹುಮತದ 113 ಯಾವಾಗ ದಾಟಿತು ಎಲ್ಲ ನಿನಗೆ ಗೊತ್ತು. ಮತ ಎಣಿಸುತ್ತಿದ್ದ ನನಗೆ ಏನೂ ಗೊತ್ತಿಲ್ಲ. ಒಂದು ಹಾಲ್‌ನಲ್ಲಿ ಹದಿನಾಲ್ಕು ಟೇಬಲ್, ಒಂದು ರೌಂಡಿಗೆ ಹದಿನಾಲ್ಕು ಬೂತ್. ನನ್ನ ಟೇಬಲ್ಲಿಗೆ ಬಂದ ಮಷಿನ್ ಮಾತ್ರ ನನ್ನದು. ಪಕ್ಕದ ಟೇಬಲ್ಲಿನಲ್ಲಿ ಏನಾಯಿತು ಅನ್ನುವುದು ರೌಂಡ್ ಮುಗಿದು ಮೈಕಿನಲ್ಲಿ ಹೇಳಿದ ಮೇಲೆಯೇ. ಹೊರಗೆ ರಸ್ತೆಯಲ್ಲಿ ಕೂಗು ಎದ್ದರೆ ಯಾರೋ ಮುಂದಿದ್ದಾರೆ ಅಂತ ಅರ್ಥ. ಯಾರು ಅಂತ ಮಾತ್ರ ತಿಳಿಯದು.

ಮಷಿನ್ ಹೇಗಿರುತ್ತದೆ ಅಂತ ಕೇಳಿದ್ದೆಯಲ್ಲ. ನಮ್ಮ ಮುಂದೆ ಬರುವುದು ಮತಗಳ ಲೆಕ್ಕ ಇಟ್ಟುಕೊಳ್ಳುವ ಕಂಟ್ರೋಲ್ ಯುನಿಟ್ ಮಾತ್ರ. ಮೊದಲು ನಂಬರ್ ನೋಡಬೇಕು, ಸೀಲ್ ನೋಡಬೇಕು, ಹದಿನೇಳು-ಸಿ ಫಾರ್ಮಿನ ಜೊತೆ ತಾಳೆ ಹಾಕಬೇಕು. ಮತದಾನದ ದಿನ ಸಂಜೆ ಬೂತ್‌ನವರು ಒಟ್ಟು ಎಷ್ಟು ಮತ ಬಿತ್ತು ಅಂತ ಬರೆದು ಸಹಿ ಹಾಕಿರುವುದು ಅದರಲ್ಲೇ. ಆಮೇಲೆ ಒಳಗಿನ ಹಸಿರು ಕಾಗದದ ಸೀಲ್ ತೂತು ಮಾಡಿ ರಿಸಲ್ಟ್ ಗುಂಡಿ ಒತ್ತಬೇಕು. ಬೀಪ್ ಅನ್ನುತ್ತದೆ. ಒಬ್ಬೊಬ್ಬ ಅಭ್ಯರ್ಥಿಯ ಸಂಖ್ಯೆ ಬಂದು ಹೋಗುತ್ತದೆ, ಕೊನೆಗೆ ನೋಟಾ. ಮಷಿನ್ ಎತ್ತಿ ಜಾಲರಿಯ ಆಚೆ ಕೂತ ಅಭ್ಯರ್ಥಿಗಳ ಏಜೆಂಟರಿಗೆ ತೋರಿಸಬೇಕು. ಅವರು ಬರೆದುಕೊಳ್ಳುತ್ತಾರೆ. 'ಸರ್, ಇನ್ನೊಮ್ಮೆ' ಅಂದರೆ ಇನ್ನೊಮ್ಮೆ ಒತ್ತಬೇಕು. ಮಧ್ಯಾಹ್ನದ ಹೊತ್ತಿಗೆ ನನ್ನ ತೋಳು ಬಿದ್ದುಹೋಗಿತ್ತು. ಕರಾವಳಿಯ ಮೇ ತಿಂಗಳ ಸೆಕೆ ಬೇರೆ, ಅಂಗಿ ಹಿಂಡಿದರೆ ಒಂದು ತಂಬಿಗೆ ನೀರು.

ಒಂದು ಮಷಿನ್ ಘಟ್ಟದ ಅಂಚಿನ ಸಣ್ಣ ಬೂತ್‌ನದು. ಯಾವುದು ಅಂತ ಹೇಳುವುದಿಲ್ಲ. ಒಟ್ಟು ಮತವೇ ಇನ್ನೂರು ಚಿಲ್ಲರೆ. ಸಂಖ್ಯೆ ನೋಡುತ್ತಿದ್ದ ಒಬ್ಬ ಏಜೆಂಟ್ ಪೆನ್ನು ನಿಲ್ಲಿಸಿ, 'ಮೇಲಿನ ಕೇರಿಯವ್ರು ಕೈ ಕೊಟ್ರು' ಅಂದ. ನನಗಲ್ಲ, ತನಗೇ ಹೇಳಿಕೊಂಡದ್ದು. ನಾನು ಮಷಿನ್ ಕೆಳಗಿಟ್ಟೆ. ಅಲ್ಲಿಂದ ನಿನ್ನ ಮೂವತ್ತೊಂದನೇ ಮೆಸೇಜಿಗೆ ಬರುತ್ತೇನೆ: 'ನಮ್ಮೂರ ಬೂತ್‌ನಲ್ಲಿ ಯಾರಿಗೆ ಎಷ್ಟು?'

1989 ನೆನಪಿದೆಯಾ? ನವೆಂಬರ್. ನಿಮ್ಮನೆ ಅಂಗಳದಲ್ಲಿ ಅಡಿಕೆ ಸುಲಿಯುವ ರಾತ್ರಿ. ಸಾಲಾಗಿ ಮೆಟ್ಟುಗತ್ತಿ, ಹಂಡೆಯಲ್ಲಿ ಅಡಿಕೆ ಬೇಯುವ ವಾಸನೆ, ನಡುವೆ ಸ್ಟೂಲಿನ ಮೇಲೆ ರೇಡಿಯೊ. ವಿಧಾನಸಭೆ, ಲೋಕಸಭೆ ಎರಡೂ ಒಟ್ಟಿಗೆ ಬಂದ ವರ್ಷ. ಒಂದೊಂದು ಕ್ಷೇತ್ರದ ಹೆಸರು ಬಂದಾಗಲೂ ಕತ್ತಿಗಳೆಲ್ಲ ಒಂದು ಗಳಿಗೆ ನಿಲ್ಲುತ್ತಿದ್ದವು. ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ 178 ಬಂತು. ನಮಗೆ ಅದಲ್ಲ ಮುಖ್ಯ. ಶಿವರಾಮ ಕಾರಂತರು ನಮ್ಮ ಕ್ಷೇತ್ರದಿಂದಲೇ ಲೋಕಸಭೆಗೆ ನಿಂತಿದ್ದರು. ಕೈಗಾ ಅಣುಸ್ಥಾವರ ಬೇಡ ಅಂತ ಊರೂರು ತಿರುಗಿದ್ದ ಮುದುಕರು. ಸೋತರು. ನೀನು ಅತ್ತೆಯೋ ಇಲ್ಲವೋ, ನಾನಂತೂ ಅತ್ತಿದ್ದೆ.

ಅಪ್ಪಯ್ಯ ಆಗ ಎಣಿಕೆ ಡ್ಯೂಟಿಗೆ ಹೋಗಿದ್ದವರು ನಿದ್ದೆಗೆಟ್ಟು ಮನೆಗೆ ಬಂದರು. ನಾವಿಬ್ಬರೂ ಬಾಗಿಲಲ್ಲೇ ಹಿಡಿದು ಕೇಳಿದೆವು, ನಮ್ಮೂರಿನಲ್ಲಿ ಕಾರಂತರಿಗೆ ಎಷ್ಟು ಬಿತ್ತು ಅಂತ. ಕಾಲು ತೊಳೆಯುತ್ತಾ ಅವರು ಹೇಳಿದ್ದು ಇಷ್ಟೇ: 'ಅದು ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಎಲ್ಲ ಊರಿನ ಚೀಟಿ ಸುರಿದು ಕಲಸಿಬಿಡ್ತೇವೆ, ಹಪ್ಪಳದ ಹಿಟ್ಟಿನ ಹಾಗೆ.' ಬೇರೆ ಬೇರೆ ಪೆಟ್ಟಿಗೆಯ ಚೀಟಿಗಳನ್ನು ಕಲಸಿ, ಕಂತೆ ಕಟ್ಟಿ, ಆಮೇಲೆ ವಿಂಗಡಿಸುತ್ತಿದ್ದರು. ಯಾವ ಊರು ಯಾರಿಗೆ ಹಾಕಿತು ಅಂತ ತಿಳಿಯಬಾರದು ಅಂತಲೇ ಆ ವ್ಯವಸ್ಥೆ. ನಮಗೆ ಆಗ ಭಾರೀ ನಿರಾಸೆ ಆಗಿತ್ತು.

ಈಗ ಕಲಸುವುದು ಇಲ್ಲ. ಒಂದು ಬೂತ್, ಒಂದು ಮಷಿನ್. ಬೇಗ ಮುಗಿಯುತ್ತದೆ, ಕುಲಗೆಟ್ಟ (ಅಸಿಂಧು) ವೋಟಿನ ಜಗಳವಿಲ್ಲ, ಎಲ್ಲ ಸರಿ. ಹಲವು ಬೂತ್‌ಗಳ ಮತವನ್ನು ಒಟ್ಟಾಗಿ ತೋರಿಸುವ ಟೋಟಲೈಸರ್ ಅಂತ ಒಂದು ಯಂತ್ರ ತರಬೇಕು ಅಂತ ಚುನಾವಣಾ ಆಯೋಗ ಹೇಳಿತ್ತು, ಅದು ಬರಲಿಲ್ಲ. ಹೀಗಾಗಿ ಮೇಲಿನ ಕೇರಿಯವರು ಏನು ಮಾಡಿದರು ಅಂತ ಸಂಜೆಯೊಳಗೆ ಊರಿಗೆಲ್ಲ ಗೊತ್ತು. ನಾಳೆ ಅವರ ಕೇರಿಯ ಕಾಲುಸಂಕ ಮುರಿದರೆ ಆ ಸಂಖ್ಯೆ ಎಲ್ಲರಿಗೂ ನೆನಪಾಗುತ್ತದೆ. ನಮ್ಮೂರ ಲೆಕ್ಕ ಬೇಕಿದ್ದರೆ ಪೇಟೆಯ ಯಾವ ಚಹಾದಂಗಡಿಗೆ ಫೋನು ಮಾಡಿದರೂ ಸಿಗುತ್ತದೆ. ನನ್ನಿಂದ ಕೇಳಬೇಡ.

ಜಿಲ್ಲೆಯದು ನಿನಗೆ ಗೊತ್ತೇ ಇದೆ. ಕಾಂಗ್ರೆಸ್ಸಿಗೆ ನಾಲ್ಕು, ಬಿಜೆಪಿಗೆ ಕುಮಟಾ, ಯಲ್ಲಾಪುರ ಎರಡು. ಸ್ಪೀಕರ್ ಆಗಿದ್ದ ಕಾಗೇರಿಯವರು ಶಿರಸಿಯಲ್ಲಿ ಸೋತರು. ಕುಮಟೆಯದು ಮಾತ್ರ ಎದೆ ನಿಲ್ಲಿಸುವ ಹಾಗಿತ್ತು, ಅಂತರ ಏಳುನೂರಕ್ಕೂ ಕಡಿಮೆ. ಆ ಹಾಲ್‌ನಿಂದ ಬಂದವರ ಮುಖ ನೋಡಬೇಕಿತ್ತು, ಪಾಪ, ಎಣಿಸಿದವರೇ ಸೋತ ಹಾಗಿದ್ದರು.

ಸಂಜೆ ಫೋನು ಕೈಗೆ ಬಂತು. ಹೆದ್ದಾರಿ ಬದಿಯಲ್ಲಿ ಒಂದು ಗೊಂಚಲು ಸಿಹಿ ಈರುಳ್ಳಿ ಕೊಂಡು ಗಾಡಿ ಹತ್ತಿದೆ. ನಿನ್ನ ಮೆಸೇಜು ಓದುತ್ತಾ ಹನ್ನೊಂದನೆಯದಕ್ಕೆ ಬರುವಷ್ಟರಲ್ಲಿ ದೇವಿಮನೆ ಘಟ್ಟ, ನೆಟ್‌ವರ್ಕ್ ಹೋಯಿತು. ಮನೆಗೆ ಬಂದು ಸ್ನಾನ ಮಾಡಿ ಟಿವಿ ಹಾಕಿದರೆ ಕಾಂಗ್ರೆಸ್ 136, ಬಿಜೆಪಿ 65, ಜೆಡಿಎಸ್ 19. ಮುಗಿಯಿತು ಅಂದುಕೊಂಡರೆ ಬೆಂಗಳೂರಿನ ಜಯನಗರ ಕ್ಷೇತ್ರದ ಎಣಿಕೆ ಮುಗಿದಿಲ್ಲ. ನಿನಗೆ ಅಲ್ಲಿ ಬೆಳಕು ಹರಿದು ಹೊತ್ತಾಗಿತ್ತು, ಇಡೀ ರಾತ್ರಿ ನಿದ್ದೆಗೆಟ್ಟವನು ಇನ್ನೂ ಎಚ್ಚರ. ನಾನಿಲ್ಲಿ ನಡುರಾತ್ರಿಯ ಹತ್ತಿರ ಎಚ್ಚರ. ಮೊದಲು ತಿರಸ್ಕರಿಸಿದ್ದ ಅಂಚೆ ಮತಗಳನ್ನು ಮತ್ತೆ ನೋಡಿದರು. ಕೊನೆಗೆ ಬಿಜೆಪಿ ಹದಿನಾರು ಮತಗಳಿಂದ ಗೆದ್ದಿತು. ಕಾಂಗ್ರೆಸ್ 135, ಬಿಜೆಪಿ 66 ಆಯಿತು. ಸಂತೇಮರಹಳ್ಳಿಯಲ್ಲಿ 2004ರಲ್ಲಿ ಸೋಲು-ಗೆಲುವು ಒಂದೇ ಮತದಲ್ಲಿ ತೀರ್ಮಾನವಾಯಿತಲ್ಲ, ಅದನ್ನು ಕಂಡ ರಾಜ್ಯಕ್ಕೆ ಹದಿನಾರು ಜಾಸ್ತಿಯೇ.

ಅಂಚೆ ಮತ ಅಂದಾಗ ನಿಮ್ಮನೆ ಆಯಿಯ ವಿಷಯ ನೆನಪಾಯಿತು. ಎಂಬತ್ತು ದಾಟಿದವರಿಗೆ ಈ ಸಲ ಮನೆಯಲ್ಲೇ ಮತ ಹಾಕುವ ಅವಕಾಶ ಕೊಟ್ಟಿದ್ದರು. ಮತದಾನಕ್ಕೆ ಮುಂಚೆಯೇ ಅಧಿಕಾರಿಗಳು ಜೀಪಿನಲ್ಲಿ ಬಂದರು, ವೀಡಿಯೊ ಮಾಡುವವನೂ ಇದ್ದ. ಜಗಲಿಯ ಮೂಲೆಯಲ್ಲಿ ರಟ್ಟಿನ ಮರೆ ಇಟ್ಟರು. ಆಯಿ ಕಾಗದ ಮಡಚಿ ಲಕೋಟೆಗೆ ಹಾಕಿ, ಅಂಟು ಒಣಗುವವರೆಗೂ ಅಂಗೈಯಲ್ಲಿ ಒತ್ತಿ ಹಿಡಿದಿದ್ದರಂತೆ. ಅದು ಬೂತ್‌ನ ಮಷಿನ್ನಿಗೆ ಸೇರಲಿಲ್ಲ ನೋಡು. ಇಡೀ ಕ್ಷೇತ್ರದ ಅಂಚೆ ಮತಗಳ ರಾಶಿಯಲ್ಲಿ ಕಲಸಿಹೋಯಿತು. ಚಹಾದಂಗಡಿಯ ಲೆಕ್ಕದಲ್ಲಿ ಆಯಿಯ ಮತ ಇಲ್ಲ.

ನಿನ್ನೆ ಈರುಳ್ಳಿ ಕೊಡಲು ಹೋಗಿದ್ದೆ. 'ಆಯಿ, ಯಾರಿಗೆ ಹಾಕಿದ್ರಿ?' ಅಂದೆ, ನಿನ್ನ ಪರವಾಗಿ ಅಂತಲೂ ಸೇರಿಸಿದೆ. ಈರುಳ್ಳಿ ಗೊಂಚಲು ಮಾಡಿನ ಗಳಕ್ಕೆ ನೇತುಹಾಕಿ, ಗಂಟು ಭದ್ರವಾಯಿತೋ ಅಂತ ಒಮ್ಮೆ ಜಗ್ಗಿ ನೋಡಿದರು.

'ಕಷಾಯ ತರ್ತೆ, ಕೂತ್ಕ' ಅಂದರು.

ನಿನ್ನ,
ಮೇಷ್ಟ್ರು