ನವಮಿಯಿಂದ ಹುಣ್ಣಿಮೆಯವರೆಗೆ ಏನು ಕೇಳಬೇಕು?

ಮಾನ್ಯ ಸಂಪಾದಕರೇ,

ರಾಮನವಮಿ ಹತ್ತಿರವಾದಂತೆ ತಮ್ಮ ಪತ್ರಿಕೆಯ ದಿನದ ಕಾರ್ಯಕ್ರಮಗಳ ಪಟ್ಟಿ ಉದ್ದವಾಗುತ್ತ ಹೋಗುತ್ತದೆ. ಬೆಂಗಳೂರಿನಲ್ಲಿ ಯುಗಾದಿಯ ನಂತರ ಸಂಗೀತ ಸಭೆಗಳ ಚಪ್ಪರಗಳಲ್ಲಿ, ದೇವಸ್ಥಾನಗಳ ಪ್ರಾಕಾರಗಳಲ್ಲಿ, ಬಡಾವಣೆಯ ಸಮಿತಿಗಳ ಶಾಮಿಯಾನಾಗಳಲ್ಲಿ ಒಂದೇ ಸಂಜೆ ಇಷ್ಟೊಂದು ಕಡೆ ಸಂಗೀತ ನಡೆಯುವಾಗ ಆ ಪಟ್ಟಿ ಓದುಗರಿಗೆ ದೊಡ್ಡ ಉಪಕಾರವೇ ಸರಿ. ಆದರೆ ಮೂವತ್ತು ವರ್ಷಗಳಿಂದ ಈ ಊರಿನ ವೇದಿಕೆಗಳಲ್ಲಿ ಮೃದಂಗ ನುಡಿಸುತ್ತಿರುವ ನನಗೆ ಅದರಲ್ಲಿ ಒಂದು ಕೊರತೆ ಪ್ರತಿವರ್ಷವೂ ಕಾಣುತ್ತದೆ. ಗಾಯಕರ ಹೆಸರು, ಸ್ಥಳ, ‘ಸಂಜೆ 6.30’ ಎಂಬ ವೇಳೆ, ಅಷ್ಟಕ್ಕೆ ವಿವರ ಮುಗಿಯುತ್ತದೆ. ಪಿಟೀಲಿಗೆ ಯಾರು, ಮೃದಂಗಕ್ಕೆ ಯಾರು, ಘಟವೋ ಖಂಜಿರವೋ ಮೋರ್ಸಿಂಗೋ ಎಂಬುದರ ಸುಳಿವೂ ಸಿಗುವುದಿಲ್ಲ. ಪಕ್ಕವಾದ್ಯದವರು ಯಾರೆಂದು ತಿಳಿಯದೆ ಕಛೇರಿಗೆ ಹೋಗುವುದು, ಹೆಣ್ಣಿನ ಹೆಸರಷ್ಟೇ ಅಚ್ಚಾದ ಲಗ್ನಪತ್ರಿಕೆ ಹಿಡಿದು ಮದುವೆಗೆ ಹೊರಟಂತೆ.

ಈ ದಿನಗಳಲ್ಲಿ ನಮ್ಮ ಬೀದಿಯ ಹಿರಿಯರೊಬ್ಬರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: “ಈ ವಾರ ಎಲ್ಲಿಗೆ ಹೋಗೋಣ, ವಿದ್ವಾನರೇ?” ಅವರಿಗೆ ಹೇಳುವುದನ್ನೇ ತಮ್ಮ ಓದುಗರಿಗೂ ಹೇಳಬಹುದೆಂದು ಈ ಪತ್ರ ಬರೆಯುತ್ತಿದ್ದೇನೆ. ಗಾಯಕರ ಹೆಸರುಗಳನ್ನು ಮಾತ್ರ ಬರೆಯುವುದಿಲ್ಲ. ಪಕ್ಕವಾದ್ಯದವನಾಗಿ ನಾನು ಒಬ್ಬರ ಹೆಸರನ್ನು ಹೊಗಳಿ ಬರೆದರೆ, ಉಳಿದ ಒಂಬತ್ತು ಮಂದಿ ಮುಂದಿನ ವರ್ಷ ನನ್ನನ್ನು ಕರೆಯುವುದಿಲ್ಲ.

ಚೈತ್ರ ಶುದ್ಧ ನವಮಿಯಿಂದ ಹುಣ್ಣಿಮೆಗೆ ಸರಿಯಾಗಿ ಒಂದು ವಾರವೆಂದು ಇಟ್ಟುಕೊಳ್ಳಬಹುದು. ನವಮಿಯ ಸಂಜೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನಕ್ಕೇ ಹೋಗಬೇಕೆಂಬುದು ನನ್ನ ಅಭಿಪ್ರಾಯ. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು ಆರಂಭಿಸಿದ ಶ್ರೀರಾಮ ಸೇವಾ ಮಂಡಳಿಯ ಉತ್ಸವವದು; ಎಂ.ಎಸ್. ಸುಬ್ಬುಲಕ್ಷ್ಮಿ, ಭೀಮಸೇನ ಜೋಶಿ, ಬಿಸ್ಮಿಲ್ಲಾ ಖಾನ್ ಅಂಥವರು ಹಾಡಿ ನುಡಿಸಿದ ಚಪ್ಪರ. ಹಿಂದೆ ರಾತ್ರಿ ಕಛೇರಿ ಮುಗಿಸಿ ಬಸ್ಸಿಗಾಗಿ ಕೃಷ್ಣರಾಜೇಂದ್ರ ಮಾರುಕಟ್ಟೆಯ ಹತ್ತಿರ ಕಾಯುವ ಭಯಕ್ಕೆ ಮಂಗಳ ಹಾಡುವ ಮೊದಲೇ ಏಳುತ್ತಿದ್ದವರಿಗೆ, 2017ರಿಂದ ಅಲ್ಲಿಯೇ ಮೆಟ್ರೊ ನಿಲ್ದಾಣವಿರುವುದರಿಂದ ಆ ನೆಪವೂ ಉಳಿದಿಲ್ಲ. ಕೂರುವ ಜಾಗದ ಬಗ್ಗೆ ಒಂದು ಮಾತು: ವೇದಿಕೆಗೆ ಎದುರಾಗಿ ಕುಳಿತಾಗ ನಿಮ್ಮ ಎಡಗಡೆಗೆ ಸರಿದು ಕುಳಿತುಕೊಳ್ಳಿ. ಬಲಗೈ ವಾದಕನಾದರೆ ಮೃದಂಗದ ಬಲಮುಖ ಸಭಿಕರತ್ತ ತಿರುಗಿರಬೇಕಾದ್ದರಿಂದ ಆತ ಗಾಯಕರ ಬಲಕ್ಕೆ, ಅಂದರೆ ನಿಮ್ಮ ಎಡಕ್ಕೆ, ಕುಳಿತಿರುತ್ತಾನೆ. ಎಡಗೈ ವಾದಕನಾದರೆ ಪಿಟೀಲಿನವರು ಜಾಗ ಬಿಟ್ಟುಕೊಟ್ಟು ಆಚೆ ಬದಿಗೆ ಹೋಗುತ್ತಾರೆ. ಬಲಮುಖದ ನಡುವಿನ ಕಪ್ಪು ಕರಣೆಯ ಮೇಲೆ ಬೆರಳು ಬಿದ್ದ ಪೆಟ್ಟು ಆ ಬದಿಯಿಂದ ಕೇಳಿದಷ್ಟು ಸ್ವಚ್ಛವಾಗಿ ನಡುವಿನ ಸೋಫಾಗಳಲ್ಲಿ ಕೇಳಿಸುವುದಿಲ್ಲ. ಸೋಫಾಗಳು ಹೇಗೂ ಗಣ್ಯರಿಗೆ ಮೀಸಲು. ಅವರು ಬರುವುದು ತಡವಾಗಿ, ಏಳುವುದು ಬೇಗ.

ಆ ಸಂಜೆ ಮಳೆ ಬಂದರೆ ಬೇಸರಪಡಬೇಡಿ. ಏಪ್ರಿಲ್‌ನ ಈ ಊರಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಚರ್ಮ ಬಿಗಿದು ಮೃದಂಗದ ಶ್ರುತಿ ಏರಿರುತ್ತದೆ. ಸಂಜೆ ನಾಲ್ಕು ಹನಿ ಬಿದ್ದು ಗಾಳಿಯಲ್ಲಿ ತೇವ ಕೂಡಿದರೆ ಅದೇ ವಾದ್ಯ ಅರ್ಧ ಗಂಟೆಯಲ್ಲಿ ಇಳಿದು ಕೂರುತ್ತದೆ. ಎರಡು ಕೃತಿಗಳ ನಡುವೆ ಗಾಯಕರು ನೀರು ಕುಡಿಯುವ ಅರೆ ನಿಮಿಷದಲ್ಲಿ ನಾವು ಕಲ್ಲು ಮತ್ತು ಮರದ ತುಂಡು ಹಿಡಿದು ವಾದ್ಯದ ಅಂಚಿನ ಹೆಣಿಗೆಯನ್ನು ಸುತ್ತಲೂ ತಟ್ಟಿ ಶ್ರುತಿ ಸೇರಿಸುವುದನ್ನು ಹತ್ತಿರದಿಂದ ಗಮನಿಸಿದ ಮಕ್ಕಳು ಯಾರಾದರೂ ಮರುದಿನ ಮೃದಂಗದ ಪಾಠಕ್ಕೆ ಬಂದರೆ ನನಗೆ ಆಶ್ಚರ್ಯವಿಲ್ಲ. ಎಡಮುಖಕ್ಕೆ ರವೆಯ ಕಣಕ ಹಚ್ಚುವುದನ್ನು ಕಂಡು “ಅಂಕಲ್, ಅದು ಉಪ್ಪಿಟ್ಟಾ?” ಎಂದು ಕೇಳಿದ ಹುಡುಗನೊಬ್ಬ ಈಗ ನನ್ನ ಶಿಷ್ಯ.

ದಶಮಿಯಂದು ಪ್ರಮುಖರ ಕಛೇರಿ ಬೇಡ. ಹಲವು ಸಭೆಗಳಲ್ಲಿ ಮುಖ್ಯ ಕಛೇರಿಗೆ ಮೊದಲು, ಸಂಜೆ ಐದರ ಹೊತ್ತಿಗೆ, ಕಿರಿಯರಿಗೆ ಒಂದು ಗಂಟೆ ಕೊಟ್ಟಿರುತ್ತಾರೆ. ಖಾಲಿ ಕುರ್ಚಿಗಳಿಗೆ ಹಾಡುವ ಆ ಹುಡುಗಿಯರನ್ನು ಕೇಳಲು ಹತ್ತು ಜನ ಹೆಚ್ಚು ಹೋದರೆ ಸಾಕು. ಪಾನಕ, ಕೋಸಂಬರಿ ಮುಗಿದು ಹೋಗುವ ಮೊದಲೇ ಸಿಗುತ್ತದೆ ಎಂಬ ಲಾಭವೂ ಇದೆ.

ಏಕಾದಶಿಗೆ ಎಲ್ಲಿ ವೀಣೆಯಿದೆಯೋ ಅಲ್ಲಿಗೆ ಹೋಗಿ, ಆದರೆ ಸಭಾಂಗಣ ಚಿಕ್ಕದಾಗಿರಲಿ. ಬಸವನಗುಡಿಯ ವಿಶ್ವ ಸಂಸ್ಕೃತಿ ಸಂಸ್ಥೆಯಂಥ ಹಳೆಯ ಸಭಾಂಗಣಗಳಲ್ಲಿ ವೀಣೆ ಕೇಳಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ವೀಣೆ ಶೇಷಣ್ಣನವರಿಂದ ವೆಂಕಟಗಿರಿಯಪ್ಪನವರಿಗೆ, ಅವರಿಂದ ದೊರೆಸ್ವಾಮಿ ಅಯ್ಯಂಗಾರರಿಗೆ ಬಂದ ಮೈಸೂರು ಬಾನಿಯಲ್ಲಿ ಮೀಟು ಎಷ್ಟು ಮುಖ್ಯವೋ, ಮೀಟಿದ ನಂತರ ತಂತಿ ಕ್ಷೀಣಿಸುವವರೆಗಿನ ಆ ನಾದವೂ ಅಷ್ಟೇ ಮುಖ್ಯ. ಬಯಲು ಚಪ್ಪರದಲ್ಲಿ ಆ ಬಾಲವನ್ನು ಆಟೋರಿಕ್ಷಾದ ಹಾರ್ನ್ ಕತ್ತರಿಸಿಬಿಡುತ್ತದೆ. ವೀಣೆಗೆ ನುಡಿಸುವಾಗ ನಮ್ಮ ಕೈಯೂ ಬೇರೆಯಾಗುತ್ತದೆ. ಗಾಯಕರಿಗೆ ತುಂಬಿಕೊಡುವ ಜಾಗಗಳಲ್ಲಿ ಇಲ್ಲಿ ಸುಮ್ಮನಿರಬೇಕು. ಯಾವ ಮೃದಂಗದವರು ಎಲ್ಲಿ ಸುಮ್ಮನಾಗುತ್ತಾರೆ ಎಂಬುದನ್ನು ಕೇಳಿಸಿಕೊಳ್ಳಲು ವೀಣೆಯ ಕಛೇರಿಗಿಂತ ಒಳ್ಳೆಯ ಪಾಠಶಾಲೆಯಿಲ್ಲ, ಅದಕ್ಕಾದರೂ ಆ ಮೃದಂಗದವರ ಹೆಸರು ಪಟ್ಟಿಯಲ್ಲಿರಬೇಡವೇ?

ದ್ವಾದಶಿಯ ಸಂಜೆಯನ್ನು ನಾನು ತನಿ ಆವರ್ತನಕ್ಕಾಗಿಯೇ, ಅಂದರೆ ಗಾಯಕರು ಸುಮ್ಮನಾಗಿ ಲಯವಾದ್ಯದವರಷ್ಟೇ ನುಡಿಸುವ ಭಾಗಕ್ಕಾಗಿಯೇ, ಮೀಸಲಿಡುತ್ತೇನೆ. ಪಿಟೀಲಿನ ಜೊತೆಗೆ ಮೃದಂಗವಲ್ಲದೆ ಘಟವೋ ಖಂಜಿರವೋ ಇರುವ, ಎರಡೂವರೆ ಗಂಟೆಗೆ ಕಡಿಮೆಯಿಲ್ಲದ ಕಛೇರಿಯನ್ನು ಆರಿಸಿಕೊಂಡು, ಪ್ರಧಾನ ಕೃತಿ ಮುಗಿಯುವ ಹೊತ್ತಿಗೆ ದಯವಿಟ್ಟು ಎದ್ದು ಹೋಗದೆ ಕುಳಿತಿರಿ. ತನಿಯನ್ನು ನಾವು ನಾವೇ ತಮಾಷೆಗೆ ‘ಕಾಫಿ ಆವರ್ತನ’ ಎನ್ನುವುದುಂಟು, ಏಕೆಂದರೆ ಗಾಯಕರು ನಮಗೆ ಕೈ ತೋರಿಸಿದ ಕೂಡಲೇ ಹಿಂದಿನ ಸಾಲುಗಳಿಂದ ಕುರ್ಚಿಗಳ ಸದ್ದು ಕೇಳಿಸತೊಡಗುತ್ತದೆ. ಹೋಗುವವರ ಮೇಲೆ ನನಗೆ ಕೋಪವಿಲ್ಲ. ಏನು ನಡೆಯುತ್ತಿದೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಆದಿತಾಳವನ್ನು ಕೈಯಲ್ಲಿ ಎಂಟು ಎಣಿಕೆಗೆ ಹಾಕುತ್ತ ಕುಳಿತರೆ ಸಾಕು. ಮೊದಲು ಮೃದಂಗದವರು ತಮ್ಮ ಪಾಲನ್ನು ನುಡಿಸಿ ಬಿಡುತ್ತಾರೆ, ಘಟದವರು ಎತ್ತಿಕೊಳ್ಳುತ್ತಾರೆ. ಸುತ್ತು ಸುತ್ತಿಗೆ ಆ ಪಾಲು ಚಿಕ್ಕದಾಗುತ್ತ, ತಾಳದ ಎಂಟು ಆವರ್ತ (ಪೂರ್ಣ ಸುತ್ತು) ನಾಲ್ಕಾಗಿ, ಎರಡಾಗಿ, ಒಂದಾಗಿ, ಕೊನೆಗೆ ಅರ್ಧ ಆವರ್ತದ ಪ್ರಶ್ನೆಗೆ ಅರ್ಧ ಆವರ್ತದ ಉತ್ತರವಾಗುತ್ತದೆ. ಅಲ್ಲಿಂದ ಇಬ್ಬರೂ ಸೇರಿ ಮುಕ್ತಾಯದತ್ತ ಒಯ್ಯುವ ಮೋಹರಕ್ಕೆ ಹೋಗಿ, ಕೊನೆಯ ಲೆಕ್ಕದ ನುಡಿಯಾದ ಕೊರ್ವೆಯನ್ನು ಮೂರು ಸಲ ನುಡಿಸಿ, ಕೃತಿಯ ಪಲ್ಲವಿ ತಾಳದ ಯಾವ ಎಣಿಕೆಯಲ್ಲಿ ಆರಂಭವಾಗಿತ್ತೋ ಅದೇ ಎಡುಪಿಗೆ ಬಂದು ನಿಲ್ಲಬೇಕು. ಆ ಎಡುಪು ಎಷ್ಟೋ ಕೃತಿಗಳಲ್ಲಿ ತಾಳದ ಪೆಟ್ಟಿನ ಮೇಲಿರದೆ ಅರ್ಧ ಎಣಿಕೆ ಮುಂದೆ ಇರುತ್ತದೆ; ಲೆಕ್ಕ ಹಾಕದೆ ಅಲ್ಲಿಗೆ ಬಂದು ಬೀಳಲಾಗುವುದಿಲ್ಲ. ಗಾಯಕರು ಪಲ್ಲವಿಯನ್ನು ಎತ್ತಿಕೊಳ್ಳುವ ಆ ಕ್ಷಣಕ್ಕೆ ಸಭೆಯಲ್ಲಿ ನಾಲ್ಕು ಜನರ ಕೈಯಾದರೂ ನಮ್ಮ ಜೊತೆ ತಾಳಕ್ಕೆ ಬಿದ್ದರೆ ಅಂದಿನ ಸಂಭಾವನೆ ಎಷ್ಟೆಂದು ನಾವು ಕೇಳುವುದಿಲ್ಲ. (ಕೇಳುತ್ತೇವೆ, ಮರುದಿನ ಕೇಳುತ್ತೇವೆ.)

ಕೆಲವು ವರ್ಷಗಳ ಹಿಂದೆ ಒಂದು ಸಭೆಯಲ್ಲಿ, ಹೆಸರು ಬೇಡ, ನಾವು ಮೋಹರದಲ್ಲಿದ್ದಾಗ ಸಂಘಟಕರೊಬ್ಬರು ವೇದಿಕೆಯ ಬದಿಯಿಂದ ಬಗ್ಗಿ ಬಂದು ನನ್ನ ಮೊಣಕಾಲ ಬಳಿ ಒಂದು ಚೀಟಿ ಇಟ್ಟರು. ‘ಅತಿಥಿಗಳು ಬಂದಿದ್ದಾರೆ, 2 ನಿಮಿಷದಲ್ಲಿ ಮುಗಿಸಿ’ ಎಂದಿತ್ತು. ಚೀಟಿಯ ಹಿಂಬದಿ ಅಂದಿನ ಕಾರ್ಯಕ್ರಮದ ಆಹ್ವಾನ ಪತ್ರಿಕೆಯ ಹರಿದ ತುಂಡು. ಅದರಲ್ಲಿ ನನ್ನ ಹೆಸರು ಅರ್ಧ ಉಳಿದಿತ್ತು. ಕೊರ್ವೆಯನ್ನು ಒಂದೇ ಸಲ ನುಡಿಸಿ ಮುಗಿಸಿದೆವು. ಘಟದ ಗೆಳೆಯ ಆ ರಾತ್ರಿ ಆಟೋದಲ್ಲಿ ಮನೆಯವರೆಗೆ ಒಂದು ಮಾತೂ ಆಡಲಿಲ್ಲ.

ತ್ರಯೋದಶಿಗೆ ಶಾಸ್ತ್ರೀಯ ಕಛೇರಿಯಿಂದ ಒಂದು ದಿನದ ಬಿಡುವು ತೆಗೆದುಕೊಂಡು ಗಮಕಕ್ಕೆ, ಅಂದರೆ ರಾಗವಾಗಿ ಮಾಡುವ ಕಾವ್ಯವಾಚನಕ್ಕೆ, ಹೋಗಬಹುದು. ನವಮಿಯ ಆಸುಪಾಸಿನಲ್ಲಿ ತೊರವೆ ರಾಮಾಯಣದ ವಾಚನ ಎಲ್ಲಾದರೂ ಸಿಕ್ಕೇ ಸಿಗುತ್ತದೆ. ಭಾಮಿನಿ ಷಟ್ಪದಿಯ ಮೂರು ನಾಲ್ಕು ಮಾತ್ರೆಗಳ ಓಟವನ್ನು ಒಂದು ಗಂಟೆ ಕೇಳಿ ಬಂದವರಿಗೆ ಮಿಶ್ರಚಾಪು ತಾಳದ ಏಳು ಎಣಿಕೆಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಗಮಕದಲ್ಲಿ ವಾಚಿಸುವವರು ಒಬ್ಬರು, ವ್ಯಾಖ್ಯಾನ ಮಾಡುವವರು ಇನ್ನೊಬ್ಬರು. ತಮ್ಮ ಪಟ್ಟಿಯಲ್ಲಿ ಈ ಒಂದು ಕಲೆಗೆ ಮಾತ್ರ ಇಬ್ಬರ ಹೆಸರನ್ನೂ ಹಾಕುವುದನ್ನು ನಾನು ಸ್ವಲ್ಪ ಅಸೂಯೆಯಿಂದಲೇ ಗಮನಿಸಿದ್ದೇನೆ. ಭಾವಗೀತೆ ಪ್ರಿಯರಾದರೆ ಜೆ.ಸಿ. ರಸ್ತೆಯ ನಯನ ಸಭಾಂಗಣದ ಕಡೆ ವಿಚಾರಿಸಿ. ಚತುರ್ದಶಿಯಂದು ನಿದ್ದೆ ಮಾಡಿಕೊಳ್ಳಿ, ಮರುದಿನ ರಾತ್ರಿಯೆಲ್ಲ ಎಚ್ಚರವಿರಬೇಕು.

ಹುಣ್ಣಿಮೆ ರಾತ್ರಿ ಕರಗ. ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಮಧ್ಯರಾತ್ರಿ ದಾಟಿದ ಮೇಲೆ ಕರಗ ಹೊರಟು, ಕಾಟನ್‌ಪೇಟೆಯ ಮಸ್ತಾನ್ ಸಾಬ್ ದರ್ಗಾಕ್ಕೂ ಹೋಗಿ ಬರುವುದನ್ನು ನೋಡಲು ಸೇರುವ ಜನರ ಬಗ್ಗೆ ತಮ್ಮ ಪತ್ರಿಕೆ ಪ್ರತಿವರ್ಷ ಬರೆಯುತ್ತದೆ. ನಾನು ಹೋಗುವುದು ಕೇಳಲು. ಅಂದು ಪೇಟೆಯ ಬೀದಿಗಳಲ್ಲಿ ಹೂವಿನ ಪಲ್ಲಕ್ಕಿಗಳ ಮುಂದೆ ನುಡಿಸುವ ನಾದಸ್ವರ ಮತ್ತು ಡೋಲುಗಳಿಗೆ ಮೈಕಿನ ಹಂಗಿಲ್ಲ. ನಾದಸ್ವರ ಬಯಲಿಗಾಗಿಯೇ ಹುಟ್ಟಿದ ವಾದ್ಯ. ಹವಾನಿಯಂತ್ರಿತ ಸಭಾಂಗಣದಲ್ಲಿ ಮೈಕಿನೆದುರು ಅದನ್ನು ಕೇಳುವುದೆಂದರೆ ತೇರನ್ನು ಮನೆಯ ನಡುಮನೆಯಲ್ಲಿ ನಿಲ್ಲಿಸಿದಂತೆ. ಓಣಿಯ ಒಂದು ತುದಿಯಿಂದ ಅದು ಹತ್ತಿರವಾಗುತ್ತ ಬಂದು, ಡೋಲಿನ ಪೆಟ್ಟು ಎದೆಗೆ ತಾಗಿ, ಮತ್ತೆ ತಿರುವಿನಲ್ಲಿ ಕರಗಿಹೋಗುವುದನ್ನು ಒಮ್ಮೆ ಕೇಳಿ ನೋಡಿ. ಈ ಊರಿನ ಲಯವಾದ್ಯದವರಲ್ಲಿ ನಿಜವಾದ ಕಸುಬುದಾರರು ಯಾರೆಂದು ಕೇಳಿದರೆ, ರಾತ್ರಿಯಿಡೀ ನಡೆದುಕೊಂಡೇ ನುಡಿಸುವ ಆ ಡೋಲಿನವರೆಂದೇ ನಾನು ಹೇಳುತ್ತೇನೆ. ಅವರ ಹೆಸರಂತೂ ಯಾವ ಪಟ್ಟಿಯಲ್ಲೂ ಎಂದೂ ಬಂದಿಲ್ಲ.

ತಮ್ಮಲ್ಲಿ ನನ್ನ ಕೋರಿಕೆ ಚಿಕ್ಕದು. ಸಭೆಗಳವರು ತಮ್ಮ ಪತ್ರಿಕೆಯ ಕಚೇರಿಗೆ ಕಳುಹಿಸುವ ಆಹ್ವಾನ ಪತ್ರಿಕೆಗಳಲ್ಲಿ ಪಕ್ಕವಾದ್ಯದವರ ಹೆಸರುಗಳು ಅಚ್ಚಾಗಿಯೇ ಇರುತ್ತವೆ. ಪುಟಕ್ಕೆ ಇಳಿಯುವಾಗ ಜಾಗದ ಅಭಾವದಿಂದ ಅವನ್ನು ಕೈಬಿಡಲಾಗುತ್ತದೆ ಎಂದು ಭಾವಿಸಿದ್ದೇನೆ. ಒಂದು ಕಛೇರಿಗೆ ಇನ್ನೊಂದು ಸಾಲು ಹೆಚ್ಚಾದರೆ ಸಾಕು. ಅದು ಸಾಧ್ಯವಾಗದ ದಿನಗಳಲ್ಲಿ, ವಾರಕ್ಕೊಮ್ಮೆಯಾದರೂ ಈ ಊರಿನ ಒಬ್ಬ ಸಂಗೀತಗಾರರಿಂದ, ಒಂದು ವಾರ ಪಿಟೀಲಿನವರಿಂದ, ಇನ್ನೊಂದು ವಾರ ಹರಿಕಥೆಯವರಿಂದ, ಮತ್ತೊಂದು ವಾರ ತಂಬೂರಿ ಹಿಡಿದು ಕೂರುವವರಿಂದ, ಮುಂದಿನ ಏಳು ದಿನಗಳಲ್ಲಿ ತಾವು ಎಲ್ಲಿಗೆ ಹೋಗುತ್ತೀರಿ, ಏಕೆ ಹೋಗುತ್ತೀರಿ ಎಂದು ಕೇಳಿ ಬರೆಸಿ. ಮುಂದಿನ ಶನಿವಾರದ ಪಟ್ಟಿಯಲ್ಲಿ ಒಬ್ಬರಾದರೂ ಘಟದವರ ಹೆಸರು ಕಂಡರೆ, ಈ ಪತ್ರ ತಮ್ಮ ಮೇಜು ತಲುಪಿದೆಯೆಂದು ತಿಳಿಯುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಮೃದಂಗ ವಾದಕ
ಹನುಮಂತನಗರ, ಬೆಂಗಳೂರು